ಒರಗಿದ ಕವಡೆ

ನಾನು ಒಂದು ಕವಡೆ. ಯಾರಿಗಾದರೂ ಬೆಲೆಯಿಲ್ಲ ಎನ್ನಬೇಕಾದಾಗ ನೀವು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುತ್ತೀರಿ. ಬೆಲೆಯಿಲ್ಲ ಎಂದದ್ದಕ್ಕೆ ನನಗೆ ಬೇಸರವಿಲ್ಲ. ನನ್ನನ್ನು ಕಾಸಿನ ಪಕ್ಕದಲ್ಲಿ ನಿಲ್ಲಿಸಿದಿರಲ್ಲ, ಅದಕ್ಕೆ ಬೇಸರ. ಆ ವಂಶದವರನ್ನು ಕಂಡರೆ ನನಗೆ ಆಗುವುದಿಲ್ಲ. ಯಾಕೆ ಎಂದು ಮೊದಲಿನಿಂದ ಹೇಳುತ್ತೇನೆ.

ನಾನು ಹುಟ್ಟಿದ್ದು ಕಡಲಿನಲ್ಲಿ, ಹವಳದ ದಿಬ್ಬಗಳ ನಡುವೆ. ಒಂದು ಮೆತ್ತಗಿನ ಜೀವ ತನ್ನ ಮೈಯಿಂದಲೇ ನನ್ನನ್ನು ಪದರ ಪದರವಾಗಿ ಕಟ್ಟಿಕೊಂಡು ಒಳಗೆ ವಾಸವಾಗಿತ್ತು. ಅದು ಹೋದ ಮೇಲೆ ಉಳಿದದ್ದು ನಾನು: ಉಬ್ಬಿದ ಬೆನ್ನು, ಹೊಟ್ಟೆಯ ಕಡೆ ಹಲ್ಲಿನ ಸಾಲಿರುವ ಒಂದು ಸೀಳು ಬಾಯಿ, ಒಳಗೆ ಬರೀ ಗಾಳಿ. ಹೊಟ್ಟೆ ಖಾಲಿಯಿದ್ದರೂ ಅದರಲ್ಲಿ ಕಿಚ್ಚಿಗೆ ಜಾಗವಿದೆ ಎಂದು ನನಗೆ ತಿಳಿದದ್ದು ಗೋಣಿಚೀಲದಲ್ಲಿ. ಚೀಲದ ತಳದಲ್ಲಿದ್ದ ಹಳೆಯ ಕವಡೆಗಳು ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದವು. ಒಂದು ಕಾಲದಲ್ಲಿ ನಾವೇ ಹಣವಾಗಿದ್ದೆವಂತೆ. ನಮ್ಮನ್ನು ಕೊಟ್ಟು ಜನ ಅಕ್ಕಿ ಕೊಳ್ಳುತ್ತಿದ್ದರಂತೆ, ಬಟ್ಟೆ ಕೊಳ್ಳುತ್ತಿದ್ದರಂತೆ. ಆಮೇಲೆ ನಾಣ್ಯ ಬಂದ. ದುಂಡಗೆ, ಹೊಳೆಯುತ್ತ, ಮೈಮೇಲೆ ರಾಜನ ಮುಖ ಒತ್ತಿಸಿಕೊಂಡು ಬಂದವನು ನಮ್ಮ ಕೆಲಸ ಕಿತ್ತುಕೊಂಡ. ನಾನು ಆ ವೈಭವವನ್ನು ಕಂಡವನಲ್ಲ. ಆದರೂ ಅಜ್ಜನ ಕಾಲದ ಜಮೀನು ಹೋಯಿತೆಂದು ಮೊಮ್ಮಗ ಗೊಣಗುವಂತೆ ಅಂದಿನಿಂದ ಗೊಣಗುತ್ತಲೇ ಇದ್ದೇನೆ.

ನಂಜನಗೂಡಿನಲ್ಲಿ ಪೂಜೆಯ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯಲ್ಲಿ ನನ್ನನ್ನೂ ಇನ್ನು ಮೂವರನ್ನೂ ಆರಿಸಿ ಕೊಂಡವರು ದೇವಾಜಮ್ಮಣ್ಣಿ. ಅರಸು ಮನೆತನದ ಹೆಂಗಸು. ಮಧ್ಯಾಹ್ನ ಊಟವಾದ ಮೇಲೆ ಚೌಕಾಬಾರ ಆಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಆಟ ನಿಮಗೆ ಗೊತ್ತಿರಬಹುದು. ನಾಲ್ಕು ಕವಡೆ ಎಸೆಯುವುದು, ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬೀಳುತ್ತವೋ ಅಷ್ಟು ಮನೆ ನಡೆಯುವುದು. ನಾಲ್ಕೂ ಬಾಯಿ ಬಿದ್ದರೆ ಚೌಕ. ನಾಲ್ಕೂ ಬೆನ್ನು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಎಸೆತ ಸಿಗುತ್ತದೆ.

ಅವರ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಕವಡೆ ಕೆಲವೊಮ್ಮೆ ಬಾಯಿಯೂ ಆಗದೆ ಬೆನ್ನೂ ಆಗದೆ, ಹಲಗೆಯ ಅಂಚಿಗೋ ಕಾಯಿಗೋ ಒರಗಿ ಪಕ್ಕವಾಗಿ ನಿಂತುಬಿಡುತ್ತದೆ. ಆಗ ಎಸೆದವರು ಬಾಯಿಬಿಡುವಂತಿರಲಿಲ್ಲ. ಎದುರು ಕೂತವರು ‘ಬಾಯಿ’ ಅಥವಾ ‘ಬೆನ್ನು’ ಎಂದು ಕೂಗಬೇಕು. ಕೂಗಿದ ಮೇಲೆ ಮುಗಿಯಿತು, ಜಗಳವಿಲ್ಲ. ಇದು ಯಾವ ನ್ಯಾಯ ಎಂದು ಮೊಮ್ಮಗಳು ಇಂದ್ರಾಕ್ಷಿ ಒಮ್ಮೆ ಕೇಳಿದಳು. ಅವಳಿಗೆ ಆಗಲೇ ಎಲ್ಲದಕ್ಕೂ ಕಾರಣ ಬೇಕಾಗಿತ್ತು.

“ಎಸ್ದೋರ ಕಣ್ಣು ಆಸೆ ಕಣ್ಣು, ಪುಟ್ಟಿ. ಅದು ಸುಳ್ಳು ನೋಡಿದ್ರೆ ಅದಕ್ಕೇ ಗೊತ್ತಾಗಲ್ಲ,” ಎಂದರು ಅಜ್ಜಿ. “ಎದುರ್ಗಡೆಯೋರದು ಹೊಟ್ಟೆಕಿಚ್ಚಿನ ಕಣ್ಣು. ಅದು ಸುಳ್ಳು ಹೇಳಿದ್ರೆ ಊರಿಗೆಲ್ಲ ಗೊತ್ತಾಯ್ತದೆ.”

ಹೊಟ್ಟೆಕಿಚ್ಚಿಗೆ ಮರ್ಯಾದೆ ಕೊಟ್ಟು ಮಾತಾಡಿದವರನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿಯ ಮೇಲೆ ನನಗೆ ಪ್ರೀತಿ ಹುಟ್ಟಿತು.

ಅಜ್ಜಿ ತೀರಿಕೊಂಡ ವರ್ಷ, ಮನೆಗೆ ಸುಣ್ಣ ಹೊಡೆಸುವಾಗ ಮಂಚ ಸರಿಸಿದರು. ಅದರ ಕಾಲಿಗೆ ಸಿಕ್ಕಿ ನಮ್ಮಲ್ಲೊಬ್ಬ ಪುಡಿಯಾದ. ಮೂರು ಕವಡೆಗೆ ಚೌಕವೆಲ್ಲಿಂದ ಬರಬೇಕು? ಆಟ ನಿಂತಿತು. ಗಣಿತದ ಎಂ.ಎಸ್ಸಿ. ಓದಲು ಹೊರಟ ಇಂದ್ರಾಕ್ಷಿ ನನ್ನನ್ನು ಅಜ್ಜಿಯ ನೆನಪಿಗೆಂದು ಕಂಪಾಸ್ ಪೆಟ್ಟಿಗೆಗೆ ಹಾಕಿಕೊಂಡಳು. ಉಳಿದಿಬ್ಬರು ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದರು. ನನ್ನನ್ನು ಆರಿಸಿದಳು ಎಂದು ನಾನು ಬೀಗಿದ್ದು ನಿಜ.

ಆ ಬೀಗು ವಿಶ್ವವಿದ್ಯಾನಿಲಯದ ಮೊದಲ ವಾರಕ್ಕೇ ಇಳಿಯಿತು. ಸಂಭವನೀಯತೆಯ ತರಗತಿ. ಬೀಳುವ ವಸ್ತುಗಳ ಶಾಸ್ತ್ರ ಎಂದರೆ ನಮ್ಮದೇ ಶಾಸ್ತ್ರ, ಈಗ ನಮ್ಮ ಹೆಸರು ಬರುತ್ತದೆ ಎಂದು ಕಂಪಾಸ್ ಪೆಟ್ಟಿಗೆಯಲ್ಲಿ ಕಿವಿ ನಿಮಿರಿಸಿ ಕೂತೆ. ಮೇಷ್ಟ್ರು ಶುರುಮಾಡಿದ್ದೇ “ಒಂದು ನಾಣ್ಯವನ್ನು ಚಿಮ್ಮಿದ್ದೇವೆ ಎನ್ನಿ” ಎಂದು. ಮಾರನೆಯ ದಿನ ಎರಡು ನಾಣ್ಯ. ವಾರ ಕಳೆಯುವಷ್ಟರಲ್ಲಿ ಅನಂತ ನಾಣ್ಯಗಳು. ಅಂಗಡಿಯಲ್ಲಿ ಅವನೇ, ಗುಡಿಯ ಹುಂಡಿಯಲ್ಲಿ ಅವನೇ, ಇಲ್ಲೂ ಅವನೇ.

ಅಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ನಾಣ್ಯ ಎರಡು ಮಗ್ಗುಲಿಗೂ ಸರಿಸಮ ಬೀಳುತ್ತಾನೆ, ಲೆಕ್ಕಕ್ಕೆ ಸುಲಭ, ಇರಲಿ ಎಂದುಕೊಂಡೆ. ಮುಂದಿನ ಅಧ್ಯಾಯದಲ್ಲಿ ಒಂದು ಕಡೆಗೇ ಹೆಚ್ಚು ಬೀಳುವ ವಸ್ತು ಬೇಕಾಯಿತು. ಅಗೋ, ಈಗ ಕರೆ ಬಂತು ಎಂದುಕೊಂಡೆ. ನಾನು ಹುಟ್ಟಿನಿಂದಲೇ ಓರೆ. ಹತ್ತು ಸಲ ಎಸೆದರೆ ನಾಲ್ಕು ಸಲ ಬಾಯಿ, ಆರು ಸಲ ಬೆನ್ನು ಎನ್ನಬಹುದು. ಮೇಷ್ಟ್ರು ಹಲಗೆಯ ಮೇಲೆ ಬರೆದರು: ‘ಒಂದು ಓರೆ ನಾಣ್ಯ.’ ಓರೆ ನಾಣ್ಯವಂತೆ! ಟಂಕಸಾಲೆಯವರು ಅಷ್ಟು ಜತನದಿಂದ ಸರಿಸಮ ಮಾಡಿ ಕಳಿಸಿದವನನ್ನು ಇವರು ಮನಸ್ಸಿನಲ್ಲೇ ಸೊಟ್ಟ ಮಾಡಿಕೊಂಡರು. ನಿಜವಾದ ಸೊಟ್ಟ ಮೊದಲ ಬೆಂಚಿನಲ್ಲೇ ಕೂತಿದ್ದ. ಅವತ್ತು ನನ್ನ ಹೊಟ್ಟೆಯಲ್ಲಿ ಎದ್ದದ್ದು ಇನ್ನೂ ಆರಿಲ್ಲ.

ಆ ಮೇಷ್ಟ್ರ ಹೆಸರು ಪ್ರೊಫೆಸರ್ ತಿರುನಾರಾಯಣ. ಇಂದ್ರಾಕ್ಷಿ ಮುಂದೆ ಸಂಶೋಧನೆಗೆ ಅವರ ಬಳಿಯೇ ಸೇರಿದಳು. ಒಳ್ಳೆಯವರು, ಯಾರ ಮನಸ್ಸನ್ನೂ ನೋಯಿಸಲಾರರು. ಅದೇ ಅವರ ತೊಂದರೆ. ವಿಭಾಗದಲ್ಲಿ ಇಬ್ಬರಿಗೆ ಒಂದೇ ಕೋಣೆ ಬೇಕಾದರೆ, ಇಬ್ಬರಿಗೆ ಒಂದೇ ಗಂಟೆಯ ಪಾಠ ಬೇಕಾದರೆ ತಾವು ನಿರ್ಧರಿಸುತ್ತಿರಲಿಲ್ಲ. ಮೇಜಿನ ಸೆಳೆಖಾನೆಯಿಂದ ಒಂದು ಹಳೆಯ ಬೆಳ್ಳಿ ರೂಪಾಯಿ ತೆಗೆದು ಚಿಮ್ಮುತ್ತಿದ್ದರು. ಅರ್ಧಕ್ಕೆ ಅರ್ಧ ಎಂಬುದರ ಎದುರು ಗಣಿತದವರು ಜಗಳವಾಡಲಾರರು ಎಂಬುದು ಅವರ ನಂಬಿಕೆ. ಇಡೀ ವಿಭಾಗ ಆ ಬೆಳ್ಳಿ ರೂಪಾಯಿಯ ಮಾತಿನ ಮೇಲೆ ನಡೆಯುತ್ತಿತ್ತು. ಸವೆದ ರಾಜನ ತಲೆ ಹೊತ್ತು ಅವನು ಮೇಜಿನ ಮೇಲೆ ಟಣ್ಣನೆ ಬೀಳುವಾಗ ಎಲ್ಲರೂ ಬಾಗಿ ನೋಡುವುದನ್ನು ನಾನು ಕಂಪಾಸ್ ಪೆಟ್ಟಿಗೆಯ ಸಂದಿಯಿಂದ ನೋಡುತ್ತಿದ್ದೆ.

ಇಂದ್ರಾಕ್ಷಿಯ ಜೊತೆಗೇ ಸೇರಿದವಳು ನೀಲಗಂಗಾ ಅಂಗಡಿ, ಗದಗಿನ ಕಡೆಯವಳು. ಎದುರುಬದುರು ಮೇಜು. ಇಬ್ಬರಲ್ಲೂ ಸ್ನೇಹ ಬೆಳೆಯಿತು, ಒಂದೇ ಡಬ್ಬಿಯ ಶೇಂಗಾ ಚಟ್ನಿಪುಡಿ ಹಂಚಿಕೊಂಡರು. ಆದರೆ ಇಂದ್ರಾಕ್ಷಿಯ ಮನಸ್ಸು ನನಗೆ ಗೊತ್ತಿತ್ತು. ಒಂದೇ ರೋಗದವರಿಗೆ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ತಿಳಿಯುತ್ತದೆ. ಇವಳು ಮೂರು ದಿನ ತಿಣುಕಿದ್ದನ್ನು ಅವಳು ಕಿಟಕಿಯ ಹೊರಗೆ ನೋಡುತ್ತ ಎರಡು ಮಾತಿನಲ್ಲಿ ಬಿಡಿಸುತ್ತಿದ್ದಳು. ವಿಚಾರಗೋಷ್ಠಿಯಲ್ಲಿ ಯಾರು ಮೊದಲು ಮಾತಾಡಬೇಕೆಂದು ಬೆಳ್ಳಿ ರೂಪಾಯಿ ಹಾರಿದಾಗಲೆಲ್ಲ ಅದು ಬೀಳುತ್ತಿದ್ದದ್ದು ನೀಲಗಂಗೆಯ ಪರ. ಇಬ್ಬರೂ ಸೇರಿ ಒಂದು ಲೇಖನ ಪ್ರಕಟಿಸಿದರು. ಗಣಿತದವರ ಪದ್ಧತಿಯಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ಮನೆತನದ ಹೆಸರಿನ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಹೆಸರು ಹಾಕುತ್ತಾರೆ. ಅಂಗಡಿಗೆ ಮೊದಲ ಬೆಂಚು, ಇಂಗ್ಲಿಷಿನಲ್ಲಿ ‘ಯು’ ಅಕ್ಷರದಿಂದ ಶುರುವಾಗುವ ಇಂದ್ರಾಕ್ಷಿಯ ಅರಸ್‌ಗೆ ಕೊನೆಯ ಬೆಂಚು. ಇಂದ್ರಾಕ್ಷಿ ನಕ್ಕಳು. ಆದರೆ ಆ ಲೇಖನದ ಪ್ರತಿಯನ್ನು ಅವಳು ಯಾರಿಗೂ ತೋರಿಸಲಿಲ್ಲ.

ಅವರು ಹಿಡಿದ ಪ್ರಶ್ನೆ ನನಗೆ ಹತ್ತಿರದ್ದು, ಆದ್ದರಿಂದ ಹೇಳಬಲ್ಲೆ. ಓರೆಯಾಗಿ ಬೀಳುವ ವಸ್ತುವಿನಿಂದ ನ್ಯಾಯವಾದ ತೀರ್ಪು ಪಡೆಯುವ ಒಂದು ಹಳೆಯ ಉಪಾಯವಿದೆ. ಎರಡು ಸಲ ಎಸೆಯಬೇಕು. ಮೊದಲು ಬಾಯಿ ಆಮೇಲೆ ಬೆನ್ನು ಬಂದರೆ ಒಬ್ಬರ ಗೆಲುವು. ಮೊದಲು ಬೆನ್ನು ಆಮೇಲೆ ಬಾಯಿ ಬಂದರೆ ಇನ್ನೊಬ್ಬರ ಗೆಲುವು. ಎರಡೂ ಸಲ ಒಂದೇ ಬಂದರೆ ಲೆಕ್ಕಕ್ಕಿಲ್ಲ, ಮತ್ತೆ ಎರಡು ಸಲ ಎಸೆಯುವುದು. ನಾಲ್ಕಾರಲಿ ಇಪ್ಪತ್ತನಾಲ್ಕು, ಆರ್ನಾಲ್ಕಲಿ ಇಪ್ಪತ್ತನಾಲ್ಕು. ವಸ್ತು ಎಷ್ಟೇ ಸೊಟ್ಟವಾಗಿದ್ದರೂ ಈ ಎರಡು ಸರದಿಗಳ ತೂಕ ಒಂದೇ. ಆದರೆ ಇದರಲ್ಲಿ ಎಸೆತಗಳು ತುಂಬ ಪೋಲಾಗುತ್ತವೆ. ಪೋಲು ತಗ್ಗಿಸುವ ಒಂದು ವಿಧಾನವನ್ನು ಇಂದ್ರಾಕ್ಷಿ ಕಂಡುಹಿಡಿದಳು. ಅದಕ್ಕಿಂತ ಉತ್ತಮ ವಿಧಾನ ಯಾರಿಗೂ ಸಾಧ್ಯವಿಲ್ಲ ಎಂದು ನೀಲಗಂಗೆ ಸಾಧಿಸಿದಳು. ಎರಡೂ ಸೇರಿದರೆ ಒಂದು ಪ್ರಮೇಯ. ಒಂದನ್ನು ಬಿಟ್ಟರೆ ಇನ್ನೊಂದು ಸೂರು ಹೊದಿಸದ ಮನೆ.

ಬಿಕ್ಕಟ್ಟು ಬಂದದ್ದು ಪ್ರಬಂಧ ಬರೆಯುವಾಗ. ಒಂದು ಪ್ರಮೇಯ ಒಬ್ಬರ ಪಿಎಚ್.ಡಿ. ಪ್ರಬಂಧದಲ್ಲಿ ಮಾತ್ರ ಇರಬಹುದು ಎಂದು ಅಲ್ಲಿನ ನಿಯಮ. ಇಬ್ಬರ ವಿದ್ಯಾರ್ಥಿವೇತನವೂ ಆ ವರ್ಷಕ್ಕೆ ಮುಗಿಯುತ್ತಿತ್ತು. ಪ್ರಮೇಯ ಸಿಕ್ಕವಳಿಗೆ ಪದವಿ, ಖಾಲಿಯಿದ್ದ ಅಧ್ಯಾಪಕಿಯ ಹುದ್ದೆ. ಸಿಗದವಳು ಗಂಟುಮೂಟೆ ಕಟ್ಟಿ ಊರಿಗೆ ಹೋಗಬೇಕು. ಯಾರ ಕೆಲಸ ಹೆಚ್ಚಿನದು ಎಂದು ತೂಗಬೇಕಾದವರು ತಿರುನಾರಾಯಣ ಮೇಷ್ಟ್ರು. ಅವರು ಒಂದು ತಿಂಗಳು ಯೋಚಿಸಿದರು. ಕೊನೆಗೆ ಇಬ್ಬರನ್ನೂ ಕರೆದು ಕೂರಿಸಿ, ಸೆಳೆಖಾನೆ ಎಳೆದು ಬೆಳ್ಳಿ ರೂಪಾಯಿ ತೆಗೆದರು. ಬೇರೆ ಯಾವ ವಿಭಾಗದಲ್ಲಾದರೂ ಹೀಗೆ ಮಾಡಿದ್ದರೆ ಹುಚ್ಚು ಎನ್ನುತ್ತಿದ್ದರು. ಇಲ್ಲಿ ಮೂವರಿಗೂ ಅದೇ ಸರಿ ಎನ್ನಿಸಿತು.

ಇಂದ್ರಾಕ್ಷಿ ಮಾತ್ರ ತಡೆದಳು. ರಾಜನ ತಲೆಯ ಕಡೆ ಸವೆದಿದೆ, ಈ ನಾಣ್ಯ ಸರಿಸಮ ಎಂದು ನಮಗೇನು ಗೊತ್ತು ಎಂದಳು. ನಾಣ್ಯ ಎಂದೂ ತನ್ನ ಪರ ಬಿದ್ದಿಲ್ಲ ಎಂಬ ಹೊಟ್ಟೆಯುರಿಯೇ ಹಾಗೆ ಮಾತಾಡಿಸಿದ್ದು. ಆ ಕ್ಷಣ ಅವಳನ್ನು ನಾನು ಪ್ರೀತಿಸಿದಷ್ಟು ಯಾರನ್ನೂ ಪ್ರೀತಿಸಿಲ್ಲ. ಅವಳು ಕಂಪಾಸ್ ಪೆಟ್ಟಿಗೆ ತೆರೆದು ನನ್ನನ್ನು ತೆಗೆದು, ಎರಡು ಎಸೆತದ ಉಪಾಯವನ್ನು ಇದರಿಂದಲೇ ಮಾಡೋಣ ಎಂದಳು. ಅಜ್ಜಿಯ ಕವಡೆ ಕೈಬಿಡುವುದಿಲ್ಲ ಎಂಬ ನಂಬಿಕೆ ಅವಳ ಬೆರಳಲ್ಲಿ ನನಗೆ ತಾಗುತ್ತಿತ್ತು.

ನೀಲಗಂಗೆ ನಕ್ಕಳು. “ರೂಪಾಯಿ ಮ್ಯಾಲೆ ಅನುಮಾನ ಐತಿ. ಕವಡಿ ಓರೆ ಅನ್ನೋದ್ರಾಗ ಅನುಮಾನಾನ ಇಲ್ಲ. ಹಂಗಾರ ಅದನ್ನ ನಂಬಬೇಕು,” ಎಂದಳು.

ಮೇಷ್ಟ್ರಿಗೆ ಸಂತೋಷವೋ ಸಂತೋಷ, ತಮ್ಮ ಶಿಷ್ಯರು ಪಾಠ ಕಲಿತಿದ್ದಾರೆಂದು. ಬೆಳ್ಳಿ ರೂಪಾಯಿಯನ್ನು ಮೇಜಿನ ಮೇಲಿನ ಗಾಜಿನ ಪೇಪರ್‌ವೇಟಿಗೆ ಓರೆಯಾಗಿ ಆನಿಸಿ ಇಟ್ಟರು. ಅಷ್ಟು ವರ್ಷ ಆಳಿದವನು ಮೂಲೆಗುಂಪಾಗಿ ಕೂತು ನೋಡುತ್ತಿದ್ದ, ನಾನು ನಡುಮೇಜಿಗೆ ಬಂದೆ. ಬಾಯಿ-ಬೆನ್ನು ಬಂದರೆ ಇಂದ್ರಾಕ್ಷಿಗೆ, ಬೆನ್ನು-ಬಾಯಿ ಬಂದರೆ ನೀಲಗಂಗೆಗೆ ಎಂದಾಯಿತು. ಎಸೆಯುವವಳು ಇಂದ್ರಾಕ್ಷಿ. ಮೇಷ್ಟ್ರು ಅವಳ ಎಡಕ್ಕೆ, ನೀಲಗಂಗೆ ಎದುರಿಗೆ.

ಮೊದಲ ಎಸೆತ ಬಾಯಿ. ಇನ್ನು ಬೆನ್ನು ಬಿದ್ದರೆ ಪ್ರಮೇಯ ಇಂದ್ರಾಕ್ಷಿಯದು. ಬಾಯಿ ಬಿದ್ದರೆ ಮತ್ತೆ ಮೊದಲಿನಿಂದ, ನೀಲಗಂಗೆಗೆ ಇನ್ನೊಂದು ಅವಕಾಶ.

ಎರಡನೆಯ ಎಸೆತ. ನಾನು ಮೇಜಿನ ಮೇಲೆ ಉರುಳಿದೆ, ಎರಡು ಸಲ ಮಗುಚಿದೆ, ಇನ್ನೇನು ನಿಲ್ಲಬೇಕು ಎನ್ನುವಾಗ ನನ್ನ ತುದಿ ಬೆಳ್ಳಿ ರೂಪಾಯಿಯ ಅಂಚಿಗೆ ತಾಗಿತು. ಅಲ್ಲೇ ನಿಂತೆ. ಬಾಯಿಯೂ ಅಲ್ಲ, ಬೆನ್ನೂ ಅಲ್ಲ, ಪಕ್ಕವಾಗಿ ನಿಂತುಬಿಟ್ಟೆ. ಬದುಕಿನಲ್ಲಿ ನನಗೆ ಸಿಕ್ಕ ಒಂದೇ ಒಂದು ದೊಡ್ಡ ಸಂದರ್ಭದಲ್ಲಿ ಅವನ ಹೆಗಲಿಗೆ ಒರಗಿ ನಿಂತೆ. ಅವನು ಅಲುಗಲಿಲ್ಲ. ಒದ್ದು ಬೀಳಿಸಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂರನೆಯ ಸಾಧ್ಯತೆ ಅವರ ಲೆಕ್ಕದಲ್ಲಿ ಇರಲಿಲ್ಲ. ನಾಣ್ಯ ಅಂಚಿನ ಮೇಲೆ ನಿಲ್ಲುವ ಸಂಭವನೀಯತೆ ಸೊನ್ನೆ ಎಂದು ವರ್ಷವರ್ಷ ಪಾಠ ಹೇಳಿದವರು. ಕವಡೆ ಒರಗುತ್ತದೆ ಎಂದು ಚೌಕಾಬಾರ ಆಡುವ ಮಕ್ಕಳಿಗೂ ಗೊತ್ತು. ಇಂದ್ರಾಕ್ಷಿಗೂ ಗೊತ್ತಿತ್ತು. ಅವಳು ಅಜ್ಜಿಯ ಕಟ್ಟಳೆ ಹೇಳಿದಳು: ಒರಗಿದರೆ ಎದುರಿನವರು ಕೂಗಬೇಕು, ಕೂಗಿದ ಮೇಲೆ ಮುಗಿಯಿತು.

ನೀಲಗಂಗೆ ಬಾಗಿ ನೋಡಿದಳು. ‘ಬಾಯಿ’ ಎಂದರೆ ಆಟ ಮುಂದುವರಿಯುತ್ತದೆ, ‘ಬೆನ್ನು’ ಎಂದರೆ ಅವಳ ಮೂರು ವರ್ಷ ನೀರಿಗೆ ಹೋಗುತ್ತದೆ. ಅವಳು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

“ಬೆನ್ನು,” ಎಂದಳು.

ಮರುವಾರ ನೀಲಗಂಗೆ ಟ್ರಂಕು ಕಟ್ಟಿಕೊಂಡು ಗದಗಿನ ಬಸ್ಸು ಹತ್ತಿದಳು. ಚಟ್ನಿಪುಡಿಯ ಡಬ್ಬಿಯನ್ನು ಇಂದ್ರಾಕ್ಷಿಯ ಮೇಜಿನ ಮೇಲೇ ಬಿಟ್ಟಿದ್ದಳು. ಹೊರಡುವಾಗ ಮೇಷ್ಟ್ರು ಕಣ್ಣೊರೆಸಿಕೊಂಡು, ಬೇರೇನು ಕೊಡಬೇಕೆಂದು ತೋಚದೆ, ಬೆಳ್ಳಿ ರೂಪಾಯಿಯನ್ನು ಅವಳ ಕೈಗಿಟ್ಟರು. ಪೀಡೆ ತೊಲಗಿತು ಎಂದುಕೊಂಡೆ. ಅವನನ್ನು ಕೊಟ್ಟರೇ ಹೊರತು ನನ್ನನ್ನು ಯಾರೂ ಉಡುಗೊರೆ ಎನ್ನಲಿಲ್ಲವಲ್ಲ ಎಂದೂ ಅನ್ನಿಸಿತು.

ಇಂದ್ರಾಕ್ಷಿಗೆ ಪದವಿ ಬಂತು, ಹುದ್ದೆ ಬಂತು, ಆಮೇಲೆ ಕೊಡೆಯ ಹಿಡಿಯಂತೆ ಬಾಗಿದ ಒಬ್ಬ ಸಂಖ್ಯಾಶಾಸ್ತ್ರದ ಮೇಷ್ಟ್ರ ಜೊತೆ ಮದುವೆಯೂ ಆಯಿತು. ಎಲ್ಲ ಬಂದರೂ ಅವಳು ನನ್ನನ್ನು ಮತ್ತೆ ಎಸೆಯಲಿಲ್ಲ. ಮೇಜಿನ ಸೆಳೆಖಾನೆಗೆ ಹಾಕಿ ಬೀಗ ತಿರುಗಿಸಿದಳು. ಯಾಕೆಂದು ನನಗೆ ಗೊತ್ತು. ಅವತ್ತು ಇಂದ್ರಾಕ್ಷಿ ಕೂತ ಕಡೆಗೆ ನನ್ನ ಬಾಯಿ ಇತ್ತು. ಹಲ್ಲಿನ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ‘ಬೆನ್ನು’ ಎಂದು ಕೇಳಿದಾಗ ಅವಳು ಸುಮ್ಮನಿದ್ದಳು. ಕಟ್ಟಳೆಯ ಪ್ರಕಾರ ಸುಮ್ಮನಿರಲೇಬೇಕಿತ್ತು, ಸುಮ್ಮನಿರುವುದು ಅವಳಿಗೆ ಬೇಕಾಗಿಯೂ ಇತ್ತು. ಆದರೆ ತನಗೆ ಕಂಡ ಬಾಯಿ ನೀಲಗಂಗೆಗೂ ಕಂಡಿರಬೇಕು, ಕಂಡೂ ಅವಳು ‘ಬೆನ್ನು’ ಎಂದಳು, ಪ್ರಮೇಯವನ್ನು ತನಗೆ ಭಿಕ್ಷೆ ಹಾಕಿ ಹೋದಳು ಎಂದು ಇಂದ್ರಾಕ್ಷಿಯ ಮನಸ್ಸಿನಲ್ಲಿ ಕೂತುಬಿಟ್ಟಿತು. ಮೊದಲು ನೀಲಗಂಗೆಯ ಬುದ್ಧಿಗೆ ಕರುಬುತ್ತಿದ್ದಳು. ಈಗ ಅವಳ ಔದಾರ್ಯಕ್ಕೆ ಕರುಬತೊಡಗಿದಳು. ಬುದ್ಧಿಯ ಕರುಬಿಗಿಂತ ಇದು ಕೆಟ್ಟದ್ದು, ಇದಕ್ಕೆ ಓದಿ ಸರಿಗಟ್ಟುವ ದಾರಿಯಿಲ್ಲ.

“ಅವಳ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಅಂತಿದ್ದೆ,” ಎಂದು ಒಮ್ಮೆ ಗಂಡನಿಗೆ ಹೇಳಿದಳು. ಅವರು ಪತ್ರಿಕೆ ಓದುತ್ತಿದ್ದರು, ಯಾವ ಜಾಗ ಎಂದು ಕೇಳಲಿಲ್ಲ.

ವರ್ಷಗಳು ಉರುಳಿದವು. ಒಂದು ದಿನ ವಿದೇಶದ ಪತ್ರಿಕೆಯೊಂದು ಇಂದ್ರಾಕ್ಷಿಯ ಬಳಿ ಒಂದು ಲೇಖನವನ್ನು ಪರಿಶೀಲನೆಗೆ ಕಳಿಸಿತು. ಗಣಿತದಲ್ಲಿ ಹೀಗೆ ಪರಿಶೀಲಿಸುವವರ ಹೆಸರನ್ನು ಬರೆದವರಿಗೆ ತಿಳಿಸುವುದಿಲ್ಲ. ಬರೆದವಳು ನೀಲಗಂಗಾ ಅಂಗಡಿ. ಗದಗಿನ ಯಾವುದೋ ಕಾಲೇಜಿನಲ್ಲಿ ದಿನಕ್ಕೆ ನಾಲ್ಕು ಪಾಠ ಹೇಳುತ್ತ, ಒಬ್ಬಳೇ ಕೂತು ಬರೆದದ್ದು. ಪ್ರಶ್ನೆ ಇದು: ಎಸೆದ ವಸ್ತು ಕೆಲವೊಮ್ಮೆ ಒರಗಿಬಿಡುತ್ತದೆ, ಒರಗಿದಾಗ ಎದುರಾಳಿ ತನಗೆ ಬೇಕಾದಂತೆ ಕೂಗಬಹುದು. ಆ ಎದುರಾಳಿ ಎಷ್ಟೇ ಕುತಂತ್ರಿಯಾದರೂ ನ್ಯಾಯವನ್ನು ಎಷ್ಟರಮಟ್ಟಿಗೆ ಕೆಡಿಸಬಲ್ಲ? ಅದಕ್ಕೆ ಅವಳು ಮಿತಿ ಕಂಡುಹಿಡಿದಿದ್ದಳು. ಇಂದ್ರಾಕ್ಷಿ ಓದುತ್ತ ಓದುತ್ತ ಎದ್ದು ನಿಂತಳು, ಮತ್ತೆ ಕೂತಳು. ಟೊಳ್ಳಾದರೂ ನನಗೂ ಗೊತ್ತಾಯಿತು. ಇಂದ್ರಾಕ್ಷಿ ಗೆದ್ದುಕೊಂಡ ಪ್ರಮೇಯ ಇದರ ಮುಂದೆ ಅಂಗಳದ ತುಳಸಿಕಟ್ಟೆ, ಇದು ಇಡೀ ಮನೆ. ಅವಳಿಗೆ ಸಿಕ್ಕಿದ್ದು ಉತ್ತರ. ಸೋತು ಹೋದವಳು ಒಯ್ದದ್ದು ಪ್ರಶ್ನೆ.

ಲೇಖನದ ಮೊದಲ ಸಾಲು: ‘ನಮ್ಮ ಬಳಿ ಒಂದು ಕವಡೆಯಿದೆ ಎನ್ನಿ.’

ಸೆಳೆಖಾನೆಯ ಕತ್ತಲೆಯಲ್ಲಿ ನಾನು ಅದನ್ನು ಕೇಳಿದೆ. ಇಂದ್ರಾಕ್ಷಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಒಂದು ಕವಡೆಯಿದೆ ಎನ್ನಿ! ಪುಟಪುಟದಲ್ಲೂ ಕವಡೆ, ಕವಡೆಯ ಬಾಯಿ, ಕವಡೆಯ ಬೆನ್ನು, ಒರಗಿದ ಕವಡೆ. ನಾಣ್ಯದ ಸುಳಿವೇ ಇಲ್ಲ. ಇಷ್ಟು ವರ್ಷದ ಕಿಚ್ಚಿಗೆ ಯಾರೋ ತಣ್ಣೀರು ಹೊಯ್ದಂತಾಯಿತು.

ಇಂದ್ರಾಕ್ಷಿ ವಾರಗಟ್ಟಲೆ ಆ ಲೇಖನದಲ್ಲಿ ತಪ್ಪು ಹುಡುಕಿದಳು. ಒಂದೂ ಸಿಗಲಿಲ್ಲ. ಸುಳ್ಳು ತಪ್ಪು ಬರೆಯುವಷ್ಟು ಕೆಟ್ಟವಳಲ್ಲ. ಒಪ್ಪಿಗೆ ಬರೆದಳು. ಆದರೆ ಬರೀ ಒಪ್ಪಿಗೆ ಕೊಟ್ಟು ಕಳಿಸಲು ಕೈ ಬರಲಿಲ್ಲ. ಕೊನೆಯಲ್ಲಿ ಒಂದು ಸಲಹೆ ಸೇರಿಸಿದಳು: ಕವಡೆ ಎಂದರೆ ಉಬ್ಬು ಬೆನ್ನು, ಹಲ್ಲಿನಂಥ ಬಾಯಿ ಇರುವ, ಯಾವುದಾದರೂ ಆಸರೆ ಸಿಕ್ಕರೆ ಪಕ್ಕವಾಗಿ ನಿಲ್ಲುವ ಚಿಪ್ಪು ಎಂದು ಹೊರನಾಡಿನ ಓದುಗರಿಗೆ ತಿಳಿಯದು, ಆದ್ದರಿಂದ ಎಲ್ಲ ಕಡೆ ‘ನಾಣ್ಯ’ ಎಂದು ಬದಲಿಸುವುದು ಒಳ್ಳೆಯದು.

ಲೇಖನ ಅಚ್ಚಾಗಿ ಬಂತು. ‘ನಮ್ಮ ಬಳಿ ಅಂಚಿನ ಮೇಲೆ ನಿಲ್ಲಬಲ್ಲ ಒಂದು ನಾಣ್ಯವಿದೆ ಎನ್ನಿ.’ ಹುಟ್ಟಿದಾಗಿನಿಂದ ಒಮ್ಮೆಯೂ ಅಂಚಿನ ಮೇಲೆ ನಿಲ್ಲದವನು! ಒರಗಿದ್ದು ನಾನು, ಅವಮಾನ ಉಂಡದ್ದು ನಾನು, ಹೆಸರು ಅವನಿಗೆ. ಅದನ್ನು ಮಾಡಿದವಳು ನನ್ನನ್ನು ಆರಿಸಿ ಪೆಟ್ಟಿಗೆಗೆ ಹಾಕಿಕೊಂಡವಳೇ. ತನ್ನ ಹೊಟ್ಟೆಕಿಚ್ಚಿಗೆ ಅವಳು ಸುಟ್ಟದ್ದು ನನ್ನ ಹೆಸರನ್ನು. ನೀಲಗಂಗೆಗೆ ಅದರಿಂದ ಏನೂ ಆಗಲಿಲ್ಲ. ಅವಳಿಗೆ ಪ್ರಶಸ್ತಿ ಬಂತು, ಊರೂರಿಂದ ಕರೆ ಬಂತು. ನಾನು ಇಂದ್ರಾಕ್ಷಿಯನ್ನು ಬಹಳ ಕಾಲ ಕ್ಷಮಿಸಲಿಲ್ಲ. ನನ್ನ ಕ್ಷಮೆ ಕವಡೆ ಕಾಸಿನದು, ಅವಳಿಗೆ ಗೊತ್ತೂ ಆಗಲಿಲ್ಲ.

ಈಗ ಇಂದ್ರಾಕ್ಷಿಗೆ ನಿವೃತ್ತಿಯಾಗಿದೆ. ಮಂಡಿನೋವು, ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ. ತಿರುನಾರಾಯಣ ಮೇಷ್ಟ್ರು ತೀರಿಕೊಂಡಿದ್ದಾರೆ. ನಾನೂ ಬೆನ್ನಿನ ಹೊಳಪು ಕಳೆದುಕೊಂಡು ಹಳದಿಯಾಗಿದ್ದೇನೆ. ಸೆಳೆಖಾನೆ ಖಾಲಿ ಮಾಡಿದ ದಿನ ನನ್ನನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ಅಲ್ಲಿ ನನ್ನ ಇಬ್ಬರು ಸೋದರರು ಇನ್ನೂ ಇದ್ದರು. ಲೋಕ ಕಂಡುಬಂದವನೆಂದು ನನ್ನ ಮೇಲೆ ಅವರಿಗೆ ಹೊಟ್ಟೆಕಿಚ್ಚು. ನನಗೆ ಅದು ಹಿತವಾಗಿಯೇ ಇತ್ತು.

ಹೋದ ಮಾಘದಲ್ಲಿ ನೀಲಗಂಗೆ ಬಂದಳು. ಆ ವಿಶ್ವವಿದ್ಯಾನಿಲಯದಲ್ಲಿ ಭಾಷಣವಿತ್ತು, ಮುಗಿಸಿಕೊಂಡು ಹೇಳದೆ ಕೇಳದೆ ಮನೆಗೇ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. ಕೈಯಲ್ಲಿ ಚಟ್ನಿಪುಡಿಯ ಡಬ್ಬಿ. ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತರು. ಮಾತು ಅಲ್ಲಿ ಇಲ್ಲಿ ಸುತ್ತಿತು. ಕೊನೆಗೆ ಇಂದ್ರಾಕ್ಷಿ ತಡೆಯಲಾರದೆ ಕೇಳಿದಳು.

“ನೀಲಾ, ಅವತ್ತು ಬಾಯಿ ಕಂಡೂ ನೀನು ಬೆನ್ನು ಅಂದೆ, ಅಲ್ವಾ? ನಂಗೆ ಭಿಕ್ಷೆ ಹಾಕ್ದೆ.”

ನೀಲಗಂಗೆಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಭಿಕ್ಷೆ ಎಲ್ಲೀದವಾ? ನಾ ಕುಂತ ಕಡಿಂದ ಬೆನ್ನ ಕಾಣ್ತಿತ್ತು, ಬೆನ್ನಂದೆ. ಬಾಯಿ ಕಂಡಿದ್ರ ಬಾಯಿ ಅಂತಿದ್ದೆ, ಬಿಡ್ತಿದ್ನೇನು? ಊರಿಗಿ ಹೋಗಿ ಆರ್ ತಿಂಗಳ ಅತ್ತೀನಿ.”

ಇಂದ್ರಾಕ್ಷಿ ನೆಟ್ಟಗೆ ಕೂತಳು. ಪಕ್ಕವಾಗಿ ನಿಂತ ಕವಡೆಗೆ ಒಂದು ಕಡೆ ಬಾಯಿಯಿದ್ದರೆ ಇನ್ನೊಂದು ಕಡೆ ಬೆನ್ನು ಇರುತ್ತದೆ. ಮಗುವಿಗೂ ತಿಳಿಯುವ ಇಷ್ಟು ಸಂಗತಿ, ಅನಂತದ ಲೆಕ್ಕ ಹಾಕಿದ ಅವಳಿಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಹೊಳೆಯದೆ ಇದ್ದದ್ದಕ್ಕೆ ಕಾರಣವಿತ್ತು. ಎದ್ದು ಆ ಕಡೆ ಹೋಗಿ ನೋಡಬೇಕೆಂದು ಅವತ್ತು ಅವಳಿಗೆ ಅನ್ನಿಸಿರಲೇ ಇಲ್ಲ.

“ನನ್ನ ಕಡೆಗೆ ಬಾಯಿ ಕಾಣ್ತಿತ್ತು. ನಾನು ಹೇಳ್ಲಿಲ್ಲ,” ಎಂದಳು. “ನಿನ್ನ ಕವಡೇನ ನಾಣ್ಯ ಮಾಡ್ಸಿದ್ದೂ ನಾನೇ,” ಎಂದಳು.

“ಅದು ಗೊತ್ತಿತ್ತು ಬಿಡು,” ಎಂದಳು ನೀಲಗಂಗೆ. “ಉಬ್ಬ ಬೆನ್ನು, ಹಲ್ಲಿನಂಥಾ ಬಾಯಿ, ಆಸರ ಸಿಕ್ರ ನಿಲ್ತೈತಿ ಅಂತ ಬರದಿದ್ದಿ. ಅಷ್ಟ ಬಲ್ಲಾಕಿ ಈ ಭೂಮಿ ಮ್ಯಾಲ ನೀ ಒಬ್ಬಾಕಿನ. ನಿನಗ ಹೊಟ್ಟಿಕಿಚ್ಚಾತು ಅಂತ ತಿಳದ ದಿನ ನನಗ ಲೇಖನ ಛಲೋ ಆಗೇತಿ ಅಂತ ಖಾತ್ರಿ ಆತು.”

ಇಂದ್ರಾಕ್ಷಿ ನಗಲು ಹೋಗಿ ಅತ್ತಳು. ಆಮೇಲೆ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿ ತಂದಳು, ಅಜ್ಜಿಯ ಚೌಕಾಬಾರದ ಹಲಗೆ ತಂದಳು. ಕವಡೆ ಮೂರೇ ಇವೆ ಎಂದಾಗ ನೀಲಗಂಗೆ ಚೀಲಕ್ಕೆ ಕೈಹಾಕಿದಳು. ಬಂದ. ಅದೇ ಬೆಳ್ಳಿ ರೂಪಾಯಿ, ಇನ್ನಷ್ಟು ಸವೆದಿದ್ದ, ರಾಜನಿಗೆ ಮೂಗೇ ಉಳಿದಿರಲಿಲ್ಲ. ನಾಲ್ಕನೆಯ ಕವಡೆಯ ಜಾಗಕ್ಕೆ ಅವನಂತೆ. ಅವನಿಗೆ ಬಾಯಿಯೇ ಇಲ್ಲ, ತಲೆಯನ್ನೇ ಬಾಯಿ ಎಂದು ಎಣಿಸಬೇಕಂತೆ. ಇಬ್ಬರು ಮುದುಕಿಯರಿಗೂ ಇದು ಸರಿಯೆನ್ನಿಸಿತು. ನನ್ನನ್ನು ಯಾರೂ ಕೇಳಲಿಲ್ಲ.

ನಮ್ಮ ನಾಲ್ವರನ್ನೂ ಸೇರಿಸಿ ನೀಲಗಂಗೆ ಎಸೆದಳು. ಇಬ್ಬರು ಸೋದರರು ಬಾಯಿ. ಬೆಳ್ಳಿ ರೂಪಾಯಿ ಜಾರಿ ಹೋಗಿ ಹಲಗೆಯ ಅಂಚಿನ ಪಟ್ಟಿಗೆ ತಲೆಯನ್ನು ಮೇಲೆ ಮಾಡಿ ಆನಿಕೊಂಡ. ಅವನ ಹಿಂದೆಯೇ ಉರುಳಿದ ನಾನು ಹೋಗಿ ಒರಗಿದೆ, ಅವನಿಗೇ.

ಎದುರಿಗೆ ಕೂತವಳು ಇಂದ್ರಾಕ್ಷಿ, ಕೂಗಬೇಕಾದವಳು ಅವಳು. ಅವಳ ಕಡೆಗೆ ಈ ಸಲ ನನ್ನ ಬೆನ್ನಿತ್ತು. ಬೆನ್ನು ಎಂದಿದ್ದರೆ ಕಟ್ಟಳೆಯೂ ಕೆಡುತ್ತಿರಲಿಲ್ಲ, ಸುಳ್ಳೂ ಆಗುತ್ತಿರಲಿಲ್ಲ. ಅವಳು ಕೂಗಲಿಲ್ಲ. ಮೇಜಿಗೆ ಕೈಯೂರಿ ಎದ್ದಳು. ಮಂಡಿ ಹಿಡಿದುಕೊಂಡು ಮೇಜನ್ನು ಸುತ್ತಿ ಬಂದಳು. ನೀಲಗಂಗೆಯ ಹೆಗಲ ಮೇಲೆ ಕೈಯಿಟ್ಟು, ಅವಳ ಕೆನ್ನೆಯ ಪಕ್ಕಕ್ಕೆ ತನ್ನ ಕೆನ್ನೆ ತಂದು, ಅಲ್ಲಿಂದ ನನ್ನನ್ನು ನೋಡಿದಳು.

“ಬಾಯಿ,” ಎಂದಳು.

ನಾಲ್ಕೂ ಬಾಯಿ. ಚೌಕ. ನೀಲಗಂಗೆ ಎರಡು ಕೈಯಲ್ಲೂ ನಮ್ಮನ್ನು ಬಾಚಿಕೊಂಡು ಇನ್ನೊಂದು ಎಸೆತಕ್ಕೆ ಕುಲುಕಿದಳು. ಆ ಕತ್ತಲೆಯಲ್ಲಿ ಬೆಳ್ಳಿ ರೂಪಾಯಿ ನನ್ನ ಮೈಗೆ ತಾಗುತ್ತಿದ್ದ, ಇಬ್ಬರ ಮೈಯೂ ಅವಳ ಅಂಗೈಯಿಂದ ಬೆಚ್ಚಗಾಗಿತ್ತು. ನನಗೆ ವಯಸ್ಸಾಯಿತು, ಇನ್ನು ಹೆಚ್ಚು ಆಟಗಳಿಲ್ಲ, ಯಾರ ಮೇಲೂ ಹಗೆ ಇಟ್ಟುಕೊಳ್ಳಬಾರದು ಎಂದು ಅಂದುಕೊಳ್ಳುತ್ತೇನೆ. ಇಂದ್ರಾಕ್ಷಿ ಎದ್ದು ಸುತ್ತಿ ಬಂದಳಲ್ಲ, ನಾನೂ ಹಾಗೆ ಅವನ ಕಡೆಯಿಂದ ಒಮ್ಮೆ ನೋಡಬಹುದಿತ್ತು. ಎರಡು ಸಲವೂ ನನ್ನನ್ನು ಬೀಳದಂತೆ ಹಿಡಿದವನು ಅವನೇ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ಆದರೆ ಆ ಚೌಕದಲ್ಲಿ ಕಾಲು ಪಾಲು ಅವನದು. ಅದೊಂದು ನನಗೆ ಇವತ್ತಿಗೂ ಸರಿಬಂದಿಲ್ಲ.